ಬಣವೆಯ ಮೇಲಿಂದ ಹೊಳೆಯಾಚೆಗೆ

ಇವತ್ತು ನಮ್ಮೂರು ದಿಗ್ಗೇವಾಡಿಯ ಟವರಿನ ಮೇಲೆ ಫೈವ್‌ಜಿ ಪೆಟ್ಟಿಗೆ ಕೂರಿಸುತ್ತಿದ್ದರು. ಕತ್ತೆತ್ತಿ ನೋಡುತ್ತಿದ್ದ ನನಗೆ ಅಲ್ಲಿ ಬಣವೆಯ ಮೇಲೆ ನಿಂತ ಅವ್ವ ಕಂಡಂತಾಯಿತು.

ನಾನು ಚಿಕ್ಕವನಿದ್ದಾಗ ಫೋನಿನ ತಂತಿ ಊರ ಸಾಹುಕಾರರ ಮನೆಗಷ್ಟೇ ಹೋಗಿತ್ತು. ಒಂದು ಫೋನ್ ಮಾಡಬೇಕೆಂದರೂ ಕುರಿ ಕಾಯುವ ನಾವು ಅವರ ಹೊಸ್ತಿಲಾಚೆ ಕೈಕಟ್ಟಿ ನಿಲ್ಲಬೇಕು. ಆ ಅವಮಾನ ಸಾಕಾಗಿಯೇ ಅಪ್ಪ ಎರಡು ಮೊಬೈಲ್ ತಂದ, ತನಗೊಂದು, ಅವ್ವನಿಗೊಂದು. ಟುಜಿ ಕಾಲ. ಟವರು ಆಗ ಹೊಳೆಯಾಚೆ ಇತ್ತು; ನಮ್ಮ ಕಡೆ ಸಿಗ್ನಲ್ ಸಿಗುತ್ತಿದ್ದದ್ದು ನಮ್ಮ ಜೋಳದ ಕಣಿಕೆಯ ಬಣವೆಯ ತುದಿಯಲ್ಲಿ ಮಾತ್ರ.

ಒಂದು ಮಳೆಗಾಲ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಂದು ಸುದ್ದಿ ಬಂತು. ಅಪ್ಪ ಕುರಿಗಳೊಂದಿಗೆ ಕೃಷ್ಣೆಯ ಆಚೆ ದಡದ ತಗ್ಗಿನಲ್ಲಿದ್ದ. ಅವ್ವ ಸೀರೆ ಎತ್ತಿಕಟ್ಟಿ ಬಣವೆ ಏರಿ ಅಪ್ಪನಿಗೆ ಫೋನ್ ಮಾಡಿದಳು; ನಾನೂ ಬೆನ್ನಿಗೆ ಏರಿದೆ.

"ಹೊಳಿ ಏರಾಕತ್ತೈತಿ, ಕುರಿ ದಿನ್ನಿಗೆ ಹೊಡೀರಿ!"

"ಮಳಿಗೆ ಗುಂಪುಗಟ್ಟಿ ನಿಂತಾವ, ಕದಲವಲ್ಲವು. ನಿನ್ನ ಮಾತ ಕೇಳ್ತಾವ. ಸ್ಪೀಕರ್ ಹಚ್ಚೀನಿ, ನೀನ ಕರಿ," ಅಪ್ಪನ ದನಿ ನನಗೂ ಕೇಳಿತು.

"ನನ್ನ ಮಾತ ನೀವ ಒಂದಿನಾ ಕೇಳಿಲ್ಲ, ಕುರಿ ಕೇಳ್ತಾವಂತ!"

ಬೈಯುತ್ತಲೇ ಅವ್ವ ಮರಿಗಳಿಗೆ ಸೊಪ್ಪು ಹಾಕುವಾಗಿನ ದನಿಯಲ್ಲಿ ಕರೆಯತೊಡಗಿದಳು. ಗಂಟಲು ಹರಿಯುವಂತೆ ಕರೆದಳು.

"ಕದಲಿದ್ವು! ಫೋನಿನ ಬೆನ್ನ ಹತ್ಯಾವ, ನಿಲ್ಲಿಸಬ್ಯಾಡ!"

ಕಡೆಗೆ "ಎಲ್ಲಾ ಮ್ಯಾಲ ಬಂದ್ವು" ಎಂಬ ಮಾತು ಬಂತು. ಅವ್ವ ಬಣವೆಯ ಮೇಲೇ ಕುಸಿದು ಅತ್ತಳು.

ತಂತಿ ಮನೆತನ ನೋಡಿ ಹೋಗಿತ್ತು. ಗಾಳಿಯಲ್ಲಿ ಬಂದ ಅಲೆ ನಮ್ಮ ಜಾತಿ ಕೇಳಲಿಲ್ಲ.

ಆಮೇಲೆ ತ್ರೀಜಿ ಬಂತು, ಫೋರ್‌ಜಿ ಬಂತು, ಮುಖ ನೋಡಿಕೊಂಡೇ ಮಾತಾಡಿದೆವು. ಈಗ ಈ ಫೈವ್‌ಜಿ. ಆದರೆ ಒಂದೇ ಗೆರೆಯ ಸಿಗ್ನಲ್ಲಿನಲ್ಲಿ ಹೆಂಗಸೊಬ್ಬಳು ಹೊಳೆಯಾಚೆಯ ಹಿಂಡನ್ನು ಕರೆದು ನಡೆಸಿದ್ದನ್ನು ಕಂಡವನು ನಾನು. ಅದಕ್ಕಿಂತ ದೊಡ್ಡ ಬೆರಗು ಯಾವ ಜಿ ತರುತ್ತದೋ, ತರಲಿ, ನೋಡೇಬಿಡುತ್ತೇನೆ.