ಮೂರು ಕಂಪ್ಯೂಟರ್, ಒಂದು ನೀಲಿ ಸೀಮೆಸುಣ್ಣ

ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯೊಂದರಲ್ಲಿ ನಾನು ತಪಾಸಣೆ ವಿಭಾಗ ನೋಡಿಕೊಳ್ಳುತ್ತಿದ್ದೆ. ಹೊಸ ಯಂತ್ರ ಬಂದರೆ ಮುಚ್ಚಳ ಬಿಚ್ಚಿ ಒಳಗೆ ನೋಡದೆ ಒಪ್ಪಿಕೊಳ್ಳುತ್ತಿರಲಿಲ್ಲ. ನಿವೃತ್ತನಾದ ಮೇಲೂ ಆ ಚಾಳಿ ಹೋಗಲಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಖಾನಾಪುರದಲ್ಲಿ ನನ್ನ ತಂಗಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದಳು. ಬರುವ ಹುಡುಗಿಯರೆಲ್ಲ ಕಂಪ್ಯೂಟರ್ ಕೇಳುತ್ತಿದ್ದರು. ಇಲ್ಲ ಎಂದರೆ ಬೆಳಗಾವಿಯ ರೈಲು ಹತ್ತುತ್ತಿದ್ದರು. ಕ್ಲಾಸು ಮುಚ್ಚಿ ಹೋದೀತೆಂದು ಹೆದರಿ ಅವಳು ನಾಲ್ಕು ಹಳೆಯ ಕಂಪ್ಯೂಟರ್ ತಂದಳು. ಅವುಗಳಲ್ಲಿದ್ದ ಆಪರೇಟಿಂಗ್ ಸಿಸ್ಟಮ್ ಕದ್ದ ಪ್ರತಿ.

"ಎಲ್ಲಾರೂ ಹಿಂಗ ಹಾಕ್ಕೊಂತಾರ ಅಣ್ಣಾ. ನಿಂದೊಬ್ಬಂದ ಕಾಯ್ದೆ!"

"ಕದ್ದ ಮಾಲು ಇಲ್ಲಿ ನಡಿಯೂದಿಲ್ಲ," ಎಂದೆ.

ನಾಲ್ಕಕ್ಕೂ ಲೈಸೆನ್ಸ್ ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಒಂದಕ್ಕೆ ಕೊಂಡೆವು. ಉಳಿದವಕ್ಕಾಗಿ, ಬೆಳಗಾವಿಯ ಮಹಾಂತೇಶ ನಗರದ ನಮ್ಮ ಪಕ್ಕದ ಮನೆಯ ಕಾಲೇಜು ಉಪನ್ಯಾಸಕಿ ಲಿನಕ್ಸ್ ಎಂಬ ಬೇರೊಂದು ಆಪರೇಟಿಂಗ್ ಸಿಸ್ಟಮಿನ ಸಿ.ಡಿ. ಹಿಡಿದು ಖಾನಾಪುರಕ್ಕೆ ಬಂದರು. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಇನ್ನೊಬ್ಬರಿಗೂ ಕೊಡಬಹುದು ಎಂದರು.

"ಪುಕ್ಕಟೆ ಕೊಡೂದು ಎಷ್ಟರ ಚಲೋ ಇದ್ದೀತ್ರೀ ಮೇಡಂ?" ತಂಗಿಗೆ ಅನುಮಾನ.

ನನ್ನ ಪ್ರಶ್ನೆ ಬೇರೆ: "ಇದರ ಮುಚ್ಚಳ ತಗಿಯಾಕ ಬರತೈತೇನ್ರೀ?"

"ಕಾಕಾ, ಇದಕ್ಕ ಮುಚ್ಚಳನ ಇಲ್ರೀ. ನೋಡ್ರಿ ಇಲ್ಲೆ."

ಪರದೆಯ ಮೇಲೆ, ಆ ಸಿಸ್ಟಮನ್ನು ಕಟ್ಟಿದ ಪ್ರೋಗ್ರಾಮಿನ ಸಾಲು ಸಾಲು ಬರಹ. ಅರ್ಥವಾದದ್ದು ಕಡಿಮೆ. ಆದರೆ ನಡುನಡುವೆ ಬರೆದವರೇ ಸರಳ ಇಂಗ್ಲಿಷಿನಲ್ಲಿ ಹೇಳಿಕೊಂಡಿದ್ದರು: ಇದು ಇನ್ನೂ ಸರಿಯಾಗಿಲ್ಲ, ತಿದ್ದಬೇಕು. ನಾನು ಕುರ್ಚಿ ಹತ್ತಿರ ಎಳೆದುಕೊಂಡೆ. ಎರಕದಲ್ಲಿ ಗಾಳಿಯ ತೂತು ಬಿದ್ದರೆ ಕೆಲವರು ಏನಾದರೂ ಮೆತ್ತಿ ಮುಚ್ಚುತ್ತಿದ್ದರು. ಕೆಲವರು ತಾವೇ ಸೀಮೆಸುಣ್ಣದಿಂದ ಗುರುತು ಮಾಡಿ ನನ್ನೆದುರು ಇಡುತ್ತಿದ್ದರು. ಅಂಥವರ ಕೈಕೆಲಸವನ್ನು ನಾನು ಸದಾ ಗೌರವಿಸಿದ್ದೇನೆ. ಅದೇ ಬಗೆಯವರು ಇಲ್ಲಿಯೂ ಇದ್ದರು.

ಕೊಂಡ ಸಿಸ್ಟಮನ್ನು ತೆಗಳಲಾರೆ. ಪ್ರಿಂಟರ್ ಜೋಡಿಸಿದ ಕೂಡಲೇ ಅಚ್ಚು ಕೊಟ್ಟಿತು. ಕನ್ನಡದ ಅರ್ಜಿಗಳಿಗೂ ಅದೇ ಬೇಕಾಯಿತು. ಲಿನಕ್ಸ್ ಹಳೆಯ ಯಂತ್ರಗಳಲ್ಲಿ ಹಗುರವಾಗಿ ಓಡಿತು, ಆದರೆ ಮೇಡಂ ಎಷ್ಟು ಹೆಣಗಿದರೂ ಆ ಪ್ರಿಂಟರ್ ಮಾತ್ರ ಮಿಸುಕಲಿಲ್ಲ.

"ಹುಡುಗ್ಯಾರು ನಾಳೆನ ರೈಲು ಹತ್ತತಾರ ನೋಡು," ಎಂದಳು ತಂಗಿ.

ನಾನು ನೀಲಿ ಸೀಮೆಸುಣ್ಣ ತೆಗೆದುಕೊಂಡು ಲಿನಕ್ಸ್ ಹಾಕಿದ ಮೂರೂ ಕಂಪ್ಯೂಟರ್ ಡಬ್ಬಿಗಳ ಮೇಲೆ ಬರೆದೆ: ಇದರಲ್ಲಿ ಪ್ರಿಂಟ್ ಬರುವುದಿಲ್ಲ.

"ಅಣ್ಣಾ! ಊರ ಮುಂದ ಮರ್ಯಾದಿ ತಗೀತಿಯಲ್ಲೋ!"

ಮರುದಿನ ಮೊದಲು ಬಂದ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು. ತಂಗಿಯ ಮುಖ ಸಣ್ಣದಾಯಿತು.

"ಟೈಪ್ ಮಾಡಾಕ ಬರತೈತಲ್ರೀ ಅಕ್ಕಾರ?"

"ಬರತೈತಿ."

"ಮತ್ತೇನ್ರೀ? ಫ್ಲಾಪಿದಾಗ ಹಾಕ್ಕೊಂಡು ಬಾಜೂ ಕಂಪ್ಯೂಟರಿನ್ಯಾಗ ಪ್ರಿಂಟ್ ತಗೊಂಡ್ರಾತು," ಎಂದು ಕುಳಿತೇಬಿಟ್ಟಳು. ಹಿಂದೆ ಬಂದವರೂ ಕುಳಿತರು.

ಆ ಮಳೆಗಾಲ ತಂಗಿ ಬೋರ್ಡಿಗೆ 'ಕಂಪ್ಯೂಟರ್' ಎಂದು ಸೇರಿಸಿ ಬರೆಸಿದಳು. ಧೂಳು ಒರೆಸುವಾಗ ಡಬ್ಬಿಯ ಮೇಲಿನ ನೀಲಿ ಸಾಲು ಅಳಿಸಿಹೋದರೆ, ನನ್ನನ್ನು ಕರೆಯದೆ ತಾನೇ ಮತ್ತೆ ಬರೆಯುತ್ತಿದ್ದಳು.