ದೊಡ್ಡವ್ವನ ಕಷಾಯ, ನನ್ನ ಗುಳಿಗೆ

ಹೋದ ವಾರ ದಾವಣಗೆರೆಯ ಹಳೇ ಪೇಟೆಯಲ್ಲಿ ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿಯೊಂದರ ಮುಂದೆ ಹಾದು ಹೋಗುತ್ತಿದ್ದೆ. ಒಳಗೆ ಯಾರೋ ಜ್ಯೇಷ್ಠಮಧುವಿನ ಬೇರು ಕುಟ್ಟುತ್ತಿದ್ದರು. ಆ ವಾಸನೆ ನಿಮಗೂ ಗೊತ್ತಿರಬೇಕು. ಸಿಹಿಯೂ ಹೌದು, ಸ್ವಲ್ಪ ಮಣ್ಣುಮಣ್ಣೂ ಹೌದು. ನನ್ನ ಕಾಲುಗಳು ತಾವಾಗಿಯೇ ನಿಂತವು. ಹಿಂದಿನಿಂದ ಬಂದ ಆಟೋದವನು, "ಏನ್ರೀ ಸರ, ರಸ್ತೆ ನಡುವೆ ಧ್ಯಾನಕ್ಕೆ ಕೂಡ್ತೀರೇನು?" ಎಂದು ಗೊಣಗಿಕೊಂಡು ಪಕ್ಕಕ್ಕೆ ಹೊರಳಿಸಿದ. ಅವನು ಅಂದದ್ದು ಸರಿಯೇ. ಅಷ್ಟರಲ್ಲಿ ನಾನು ಏಳೆಂಟು ವರ್ಷ ಹಿಂದಿನ ಹರಿಹರಕ್ಕೆ ಹೋಗಿ ಮುಟ್ಟಿಯಾಗಿತ್ತು.

ಆಗ ನಾನು ಹರಿಹರದ ಹೈಸ್ಕೂಲೊಂದರಲ್ಲಿ ಗಣಿತ ಹೇಳುತ್ತಿದ್ದೆ. ಮನೆ ಮಾತ್ರ ಈಗಿನಂತೆಯೇ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಕಿಟಕಿಗೆ ತಲೆ ಕೊಟ್ಟು ಅರೆನಿದ್ದೆ. ಗದ್ದೆಗಳ ನೀರಿನಲ್ಲಿ ಸೂರ್ಯ ಬಸ್ಸಿನ ಜೊತೆಗೇ ಓಡಿ ಬರುತ್ತಿದ್ದ. ಮಧ್ಯಾಹ್ನದ ಊಟ ದೊಡ್ಡವ್ವನ ಮನೆಯಲ್ಲಿ. ದೊಡ್ಡವ್ವ ನನ್ನ ತಾಯಿಯ ಅಕ್ಕ. ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಮಗ ಸೊಸೆಯ ಜೊತೆ ಇದ್ದಳು. ಊಟವಾದ ಮೇಲೆ ಪಡಸಾಲೆಯ ಕಟ್ಟೆಯ ಮೇಲೆ ಹದಿನೈದು ನಿಮಿಷ ಅಡ್ಡಾಗಲು ನನಗೆ ಅನುಮತಿಯಿತ್ತು. ತುಂಗಭದ್ರೆಯ ಗಾಳಿ, ಒಳಗೆ ಪಾತ್ರೆ ತೊಳೆಯುವ ಸದ್ದು, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು ಅಡಕೆ ಕತ್ತರಿಸುತ್ತ ಕೂತ ದೊಡ್ಡವ್ವ. ನನಗೆ ಈಗಲೂ ನಿದ್ದೆ ಬಾರದಿದ್ದರೆ ಕಣ್ಣು ಮುಚ್ಚಿ ಆ ಕಟ್ಟೆಗೆ ಹೋಗಿ ಮಲಗುತ್ತೇನೆ.

ಇಷ್ಟು ಸುಖದಲ್ಲಿ ನನ್ನ ಹೊಟ್ಟೆ ಕೆಟ್ಟಿತು. ಸಂಜೆ ಮನೆಗೆ ಹೋಗುವ ಮುಂಚೆ ಮಂಡಕ್ಕಿ ಮಿರ್ಚಿ ತಿನ್ನುವುದನ್ನು ನಾನು ನೌಕರಿಯಷ್ಟೇ ನಿಷ್ಠೆಯಿಂದ ಮಾಡಿಕೊಂಡು ಬಂದವನು. ಹಾಗಾಗಿ ಎದೆಗುಂಡಿಗೆಯ ಕೆಳಗೆ ಉರಿ ಹತ್ತಿದಾಗ ಎಲ್ಲರೂ ಮಿರ್ಚಿಯನ್ನೇ ಬೈದರು. ಮಿರ್ಚಿ ಬಿಟ್ಟೆ, ಉರಿ ಬಿಡಲಿಲ್ಲ. ಕೊನೆಗೆ ದಾವಣಗೆರೆಯ ಡಾಕ್ಟರೊಬ್ಬರು ಗಂಟಲೊಳಗೆ ಕ್ಯಾಮೆರಾದ ನಳಿಕೆ ಇಳಿಸಿ ನೋಡಿದರು.

"ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಮನೆ ಮಾಡ್ಯಾವ್ರಿ ಸರ್. ಹುಣ್ಣಾಗೈತೆ. ಹದಿನಾಲ್ಕು ದಿನ ಈ ಆಂಟಿಬಯೋಟಿಕ್ ಗುಳಿಗೆ. ಒಂದು ಹೊತ್ತೂ ತಪ್ಪಿಸಂಗಿಲ್ಲ. ಆರಾಮಾತು ಅಂತ ನಡುವೆ ನಿಲ್ಲಿಸಂಗಿಲ್ಲ" ಎಂದರು. ಕಷಾಯ ಕುಡಿಯಬಹುದೇ ಎಂದು ಕೇಳಿದೆ. "ಕುಡೀರಿ, ಸ್ವಲ್ಪ ಹಿತ ಅನ್ಸಬಹುದು. ಆದ್ರ ಅದನ್ನ ನಂಬ್ಕಂಡು ಗುಳಿಗೆ ಬಿಟ್ರೆ ಹುಣ್ಣು ಒಳಗೊಳಗೇ ಒಡೀತೈತೆ" ಎಂದರು.

ಕಷಾಯದ ಮಾತು ಯಾಕೆ ಬಂತೆಂದರೆ, ದೊಡ್ಡವ್ವ ಆಗಲೇ ಶುರು ಮಾಡಿಯಾಗಿತ್ತು. ನೆರಳಲ್ಲಿ ಒಣಗಿಸಿದ ದಾಳಿಂಬೆ ಸಿಪ್ಪೆ, ಜೀರಿಗೆ, ಓಂಕಾಳು, ಜ್ಯೇಷ್ಠಮಧು ಹಾಕಿ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವ ತನಕ ಸಣ್ಣ ಉರಿಯಲ್ಲಿ ಕುದಿಸುತ್ತಿದ್ದಳು. ಊಟಕ್ಕೆ ಕೂಡುವ ಮೊದಲು ನಿಂತುಕೊಂಡೇ ಒಂದೇ ಗುಟುಕಿಗೆ ಕುಡಿಯಬೇಕು. ಗುಳಿಗೆ ಎಂದರೆ ಆಕೆಗೆ ಆಗುತ್ತಿರಲಿಲ್ಲ. ದೊಡ್ಡಪ್ಪ ಕೊನೆಯ ವರ್ಷ ದಿನಾ ಒಂದು ಮುಷ್ಟಿ ಗುಳಿಗೆ ನುಂಗಿಯೇ ತೀರಿಹೋಗಿದ್ದರು. ಅಂದಿನಿಂದ ಆಕೆಯ ಲೆಕ್ಕದಲ್ಲಿ ಗುಳಿಗೆ ನುಂಗುವವರು ಹೊರಡಲು ತಯಾರಾದವರು. ನಾನೂ ನುಂಗುತ್ತಿದ್ದೇನೆಂದರೆ ಆಕೆಗೆ ಅನ್ನ ಇಳಿಯುತ್ತಿರಲಿಲ್ಲ.

ಅದಕ್ಕೇ ಮುಚ್ಚಿಟ್ಟೆ. ದಾವಣಗೆರೆಯಲ್ಲಿ ಬೆಳಿಗ್ಗೆ ರಾತ್ರಿ ಗುಳಿಗೆ, ಹರಿಹರದಲ್ಲಿ ಮಧ್ಯಾಹ್ನ ಕಷಾಯ. "ಹೇಳಿಬಿಡ್ರಿ, ಏನ್ ಮಹಾ ಆಗ್ತೈತೆ?" ಎಂದು ನನ್ನ ಹೆಂಡತಿ ಎರಡು ಸಲ ಹೇಳಿದಳು. ಗಣಿತದ ಮೇಷ್ಟ್ರು ಹೆಂಡತಿಯ ಮಾತು ಕೇಳಿದ್ದುಂಟೇ? ನನಗೆ ನನ್ನ ಉಪಾಯವೇ ದೊಡ್ಡದಾಗಿ ಕಂಡಿತು.

ಮೂರನೆಯ ದಿನಕ್ಕೆ ಗುಳಿಗೆಯಿಂದ ಬಾಯೆಲ್ಲ ಕಹಿಯಾಯಿತು. ಬೆಲ್ಲ ತಿಂದರೂ ಕಹಿ, ನೀರು ಕುಡಿದರೂ ಕಹಿ. ಅಂದು ಊಟಕ್ಕೆ ಕೂತಾಗ ಬಾಯಿ ತಪ್ಪಿ ದೊಡ್ಡವ್ವನಿಗೆ ಹೇಳಿಬಿಟ್ಟೆ. ಆಕೆಯ ಮುಖ ಅರಳಿತು ನೋಡಿ!

"ಬಾಯಿ ಕಹಿ ಆತಂದ್ರೆ ಔಷಧ ಒಳಗೆ ಹಿಡೀತು ಅಂತ ಅರ್ಥ ತಮ್ಮಾ. ಇನ್ನ ಹೆದರಬ್ಯಾಡ" ಎಂದಳು.

ಹದಿನಾಲ್ಕು ದಿನ ಕಳೆದವು, ಉರಿ ಹೋಯಿತು. "ನಿನ್ನ ಕಷಾಯದಿಂದಾನೇ ಹೋತು ದೊಡ್ಡವ್ವ" ಎಂದೆ. ಹೇಳುವಾಗ ನಾಲಿಗೆ ಒಂಚೂರೂ ತಡವರಿಸಲಿಲ್ಲ. ಹಿರಿಯರು ಕೈಯಾರೆ ಕುದಿಸಿ ಕೊಟ್ಟದ್ದನ್ನು ಹತ್ತಲಿಲ್ಲ ಎಂದು ಅವರ ಮುಖದ ಮೇಲೆ ಹೇಳುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ಸಂತೋಷಪಡಲಿ ಬಿಡು, ನನ್ನದೇನು ಗಂಟು ಹೋಗುತ್ತದೆ ಎಂದುಕೊಂಡೆ.

ಆಮೇಲೆ ನಾನು ಊರೂರಿನ ಸಾಕ್ಷಿಯಾದೆ. ದೊಡ್ಡವ್ವ ಮದುವೆಮನೆಯಲ್ಲಿ ನನ್ನ ರಟ್ಟೆ ಹಿಡಿದು ಎಳೆದು ತಂದು, "ಈ ಮೇಷ್ಟ್ರ ಹೊಟ್ಟೆ ನೋಡ್ರಿ, ಹೆಂಗಿದ್ದದ್ದು ಹೆಂಗಾತು!" ಎಂದು ತೋರಿಸುತ್ತಿದ್ದಳು. ಅಷ್ಟೊತ್ತಿಗೆ ಮಿರ್ಚಿ ಮತ್ತೆ ಶುರುವಾಗಿ ತೋರಿಸುವಷ್ಟು ಹೊಟ್ಟೆಯೂ ಬಂದಿತ್ತು. ಮಾಯಕೊಂಡದ ಬೀಗರು ಪುಡಿ ಕಟ್ಟಿಸಿಕೊಂಡು ಹೋದರು. ಕುಕ್ಕುವಾಡದಿಂದ ಒಬ್ಬ ಹೆಣ್ಣುಮಗಳು, ನನ್ನ ಹಾಗೆಯೇ ಉರಿ ಎಂದು ಹೊಟ್ಟೆ ಹಿಡಿದುಕೊಂಡು ಬಂದವಳು, ತಿಂಗಳಿಗೊಮ್ಮೆ ಬಸ್ಸಿಗೆ ಬಂದು ಒಯ್ಯತೊಡಗಿದಳು. ನಾನು ಎಲ್ಲ ಕಡೆಯೂ ತಲೆಯಾಡಿಸಿದೆ.

ಮರುವರ್ಷದ ಚಳಿಗಾಲದ ಒಂದು ಮಧ್ಯಾಹ್ನ ಊಟಕ್ಕೆ ಹೋದಾಗ ದೊಡ್ಡವ್ವ ತಾನೇ ಕಷಾಯ ಕುಡಿಯುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ನಿನಗ್ಯಾಕೆ ಇದು ಎಂದು ಕೇಳಿದೆ.

"ನಿನಗಿದ್ದದ್ದೇ ಕಣೋ. ಇಲ್ಲೇ, ಎದೆ ಕೆಳಗೆ ಉರಿ. ಹದಿನೈದು ದಿನ ಆತು. ಮೂರು ಹೊತ್ತು ಕುಡೀತೀನಿ. ಆದ್ರ ನಿನಗೆ ಮೂರೇ ದಿನಕ್ಕೆ ಬಾಯಿ ಕಹಿ ಆಗಿತ್ತಲ್ಲ, ನನಗ್ಯಾಕ ಆಗ್ತಿಲ್ಲ?"

ನನಗೆ ಉತ್ತರ ಗೊತ್ತಿತ್ತು. ಇಡೀ ಬಳಗದಲ್ಲಿ ಆ ಉತ್ತರ ಗೊತ್ತಿದ್ದವರು ನಾನು ಮತ್ತು ನನ್ನ ಹೆಂಡತಿ, ಇಬ್ಬರೇ. ಡಾಕ್ಟರಿಗೆ ತೋರಿಸೋಣ ಎಂದೆ. "ನಿನಗೆ ಹೋತು, ನನಗೆ ಹೋಗಂಗಿಲ್ಲೇನು? ನಾಳೆಯಿಂದ ಸಿಪ್ಪೆ ಎರಡು ಪಾಲು ಹಾಕ್ತೀನಿ" ಎಂದಳು. ನಾನು ಬಾಯಿ ತೆರೆದೆ. ಒಲೆಯ ಮುಂದೆ ಕೂತ ಆಕೆಯ ಭರವಸೆ ನೋಡಿ ಬಾಯಿ ಮುಚ್ಚಿದೆ. ಇವತ್ತು ಬೇಡ, ನಾಳೆ ಹೇಳೋಣ. ಹಾಗೆ ಒಂಬತ್ತು ದಿನ ನಾಳೆ ಎಂದೆ. ಆ ಒಂಬತ್ತು ದಿನ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹತ್ತನೆಯ ದಿನ ಎರಡನೇ ಪೀರಿಯಡ್ಡಿನಲ್ಲಿ ಅಣ್ಣನ, ಅಂದರೆ ದೊಡ್ಡವ್ವನ ಮಗನ, ಫೋನು ಬಂತು. ಬಚ್ಚಲಲ್ಲಿ ತಲೆ ತಿರುಗಿ ಬಿದ್ದಿದ್ದಳು. ನಾಲ್ಕು ದಿನದಿಂದ ಮಲ ಟಾರಿನಂತೆ ಕಪ್ಪಗೆ ಹೋಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ದಾವಣಗೆರೆಗೆ ಕರೆದೊಯ್ಯುವ ದಾರಿಯುದ್ದಕ್ಕೂ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ದಿನಾ ನಿದ್ದೆ ಹೊಡೆದು ಕಳೆದ ಆ ದಾರಿ ಅಷ್ಟು ಉದ್ದ ಇದೆಯೆಂದು ಅಂದೇ ಗೊತ್ತಾದದ್ದು. ಬದುಕಿಸಪ್ಪಾ ಶಿವನೇ, ನಾನೇ ಎಲ್ಲ ಹೇಳ್ತೀನಿ ಎಂದು ಬೇಡಿಕೊಂಡೆ.

ನನ್ನ ಡಾಕ್ಟರೇ ನೋಡಿದರು. ಹುಣ್ಣು ಒಡೆದು ರಕ್ತ ಹೋಗಿತ್ತು. ನಳಿಕೆ ಇಳಿಸಿ ರಕ್ತ ನಿಲ್ಲಿಸಿದರು, ರಕ್ತ ಏರಿಸಿದರು. ಅದೇ ಬ್ಯಾಕ್ಟೀರಿಯಾ. ಎರಡು ದಿನದ ಮೇಲೆ ಹಾಸಿಗೆಯ ಪಕ್ಕ ನಿಂತು, "ಇಷ್ಟು ದಿನ ಯಾಕ ಬರ್ಲಿಲ್ಲಮ್ಮ?" ಎಂದು ಕೇಳಿದರು.

ದೊಡ್ಡವ್ವ ಸಣ್ಣ ದನಿಯಲ್ಲಿ, ಆದರೆ ಹೆಮ್ಮೆಯಿಂದಲೇ, "ನಮ್ಮ ಹುಡುಗನಿಗೆ ಕಷಾಯದಾಗೇ ಹೋಗಿತ್ತಲ್ರೀ" ಎಂದಳು.

ಡಾಕ್ಟರು ನನ್ನ ಮುಖ ನೋಡಿದರು.

"ಇಲ್ಲ ದೊಡ್ಡವ್ವ" ಎಂದೆ. "ಹದಿನಾಲ್ಕು ದಿನ ಗುಳಿಗೆ ನುಂಗಿದ್ದೆ. ಬಾಯಿ ಕಹಿ ಆಗಿದ್ದೂ ಅದಕ್ಕೇ. ನಿನಗೆ ಬ್ಯಾಸರ ಆಗ್ತೈತೆ ಅಂತ ಸುಳ್ಳು ಹೇಳಿದೆ."

ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಬೈಯಲಿ ಎಂದು ಕಾದೆ, ಬೈಯಲಿಲ್ಲ. ತಿರುಗದೆಯೇ ಹೇಳಿದಳು: "ಕುಕ್ಕುವಾಡದ ಆ ಹೆಣ್ಮಗಳು ಇನ್ನೂ ಕುಡೀತಾಳೆ. ನಿನ್ನ ನಂಬಿ ನಾನು ಕೊಟ್ಟೆ, ನನ್ನ ನಂಬಿ ಆಕೆ ಕುಡುದ್ಲು. ಎದ್ದು ಹೋಗು, ಹೇಳಿ ಬಾ."

ಹೋದೆ. ಆಕೆಯ ಅಂಗಳದಲ್ಲಿ ನಿಂತು, ಗಂಡ, ಅತ್ತೆ, ನೆರೆಯವರ ಮುಂದೆ ನಾನು ಸುಳ್ಳುಗಾರ ಎಂದು ಹೇಳಿದೆ. ಮಾಯಕೊಂಡಕ್ಕೂ ಹೋಗಿ ಹೇಳಿದೆ. ಆ ಹೆಣ್ಣುಮಗಳು ಡಾಕ್ಟರಿಗೆ ತೋರಿಸಿ ಗುಳಿಗೆ ತೆಗೆದುಕೊಂಡು ಗುಣವಾದಳು. ದೊಡ್ಡವ್ವನೂ ಹದಿನಾಲ್ಕು ದಿನ ಒಂದು ಹೊತ್ತು ತಪ್ಪಿಸದೆ ನುಂಗಿದಳು. ಮೂರನೆಯ ದಿನ ಫೋನು ಮಾಡಿ, "ಬಾಯಿ ಕಹಿ ಆತು" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಗ್ರಂಧಿಗೆ ಅಂಗಡಿಯ ಮುಂದೆ ನಿಂತಾಗ ಇದೆಲ್ಲ ಬಂದುಹೋಯಿತು. ಭಾನುವಾರ ಹರಿಹರಕ್ಕೆ ಹೋದೆ. ದೊಡ್ಡವ್ವ ಈಗ ಇನ್ನೂ ಸಣ್ಣಗಾಗಿದ್ದಾಳೆ. ಮಾತು ಮಾತ್ರ ಹಾಗೆಯೇ ಇದೆ. ನೆಗಡಿಗೆ ಕಷಾಯ ಕೇಳಿಕೊಂಡು ಬಂದವರಿಗೆ, "ಡಾಕ್ಟ್ರಿಗೆ ತೋರ್ಸೀರೇನು? ಗುಳಿಗೆ ಕೊಟ್ಟಾರೇನು? ಮುಚ್ಚಿಡಬ್ಯಾಡ್ರಿ" ಎಂದು ವಿಚಾರಣೆ ಮಾಡಿಯೇ ಕೊಡುತ್ತಾಳೆ. ನನ್ನನ್ನು ಕ್ಷಮಿಸಿದ್ದಾಳೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಂಗತಿ ಬದಲಾಗಿದೆ. ಬಡಿಸಿದ ಮೇಲೆ ಪಂಕ್ತಿಯಲ್ಲಿ ಕೂತ ಎಲ್ಲರನ್ನೂ ಅಡುಗೆ ಹೆಂಗೈತೆ ಎಂದು ಕೇಳುತ್ತಾಳೆ. ನನ್ನ ಮುಂದೆ ಬಂದಾಗ ಸುಮ್ಮನೆ ಮುಂದಕ್ಕೆ ಹೋಗುತ್ತಾಳೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ.

ಭಾನುವಾರವೂ ಹಾಗೆಯೇ ಆಯಿತು. ಅಣ್ಣ ಚೆನ್ನಾಗೈತೆ ಎಂದ, ಅತ್ತಿಗೆ ಬಾಳ ಚೆನ್ನಾಗೈತೆ ಎಂದರು. ನಾನು ಎರಡು ತುತ್ತು ಉಂಡೆ.

"ದೊಡ್ಡವ್ವ, ಸಾರಿಗೆ ಉಪ್ಪು ಜಾಸ್ತಿ ಆಗೈತೆ."

ಅತ್ತಿಗೆ ಗಾಬರಿಯಾಗಿ ನನ್ನನ್ನು ನೋಡಿದರು. ದೊಡ್ಡವ್ವ ಸೌಟಿನಿಂದ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕಿದಳು. "ಹೌದಲ್ಲೋ" ಎಂದಳು. ಒಳಗೆ ಹೋಗಿ ಬಿಸಿನೀರು ಬೆರೆಸಿ ತಂದು ಮತ್ತೆ ಬಡಿಸಿದಳು. ಮುಂದಕ್ಕೆ ಹೋಗಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ನನ್ನ ಎದುರಿಗೇ ಕೂತು, ನನ್ನ ತಟ್ಟೆಯ ಇನ್ನೊಂದು ಬದಿಗೆ ಬೆರಳು ತೋರಿಸಿ ಕೇಳಿದಳು:

"ಪಲ್ಯ ಹೆಂಗೈತೆ?"