ಸಣ್ಣ ಕೋಣೆಗೆ ಹೋಗುತ್ತಿದ್ದ ಬಿಸಿ

ಅಬುಧಾಬಿ ಕಡೆಯ ಮದೀನತ್ ಜಾಯೆದ್‌ನಲ್ಲಿ ಚಳಿ ಇರುತ್ತದೆ ಎಂದರೆ ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಮರಳುಗಾಡಿಗೆ ಹೋದವನಿಗೆ ಸ್ವೆಟರ್ ಯಾಕೆ ಎಂದು ನಗುತ್ತಿದ್ದರು. ಆದರೆ ಜನವರಿಯಲ್ಲಿ ಸೂರ್ಯ ಇಳಿಯುತ್ತಲೇ ಸುತ್ತಲಿನ ಮರಳು ತಣ್ಣಗಾಗಿ, ಆ ತಂಪು ಮನೆಯ ಟೈಲ್ಸ್‌ಗೆ ಏರಿ, ಮರುದಿನ ಬೆಳಿಗ್ಗೆ ಹತ್ತರವರೆಗೂ ಬಿಡುತ್ತಿರಲಿಲ್ಲ. ನಮ್ಮದು ಕಂಪನಿ ಕೊಟ್ಟ ವಿಲ್ಲಾ. ಒಂದೇ ಮಹಡಿ, ಮಲಗಲು ಒಂದು ದೊಡ್ಡ ಕೋಣೆ, ಒಂದು ಸಣ್ಣ ಕೋಣೆ. ಛಾವಣಿಯ ಮೇಲೆ ಒಂದು ಯಂತ್ರ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡನ್ನೂ ಅದೇ ಗಾಳಿಕೊಳವೆಗಳಲ್ಲಿ, ಅಂದರೆ ಡಕ್ಟ್‌ಗಳಲ್ಲಿ, ಕೋಣೆ ಕೋಣೆಗೆ ಕಳಿಸುವಂಥದ್ದು. ಅಂಥ ಯಂತ್ರಗಳನ್ನು ರಿಪೇರಿ ಮಾಡುವುದೇ ನನ್ನ ಕೆಲಸವಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದೆಲ್ಲ ಯಾರೋ ತಿಳಿಯದವನ ತಪ್ಪಿನಂತೆ ಕಾಣುತ್ತದೆ.

ಆ ಜನವರಿಯಲ್ಲಿ ನನ್ನ ಹೆಂಡತಿ ಅಬುಧಾಬಿಯ ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದಳು. ಎಂಟನೆಯ ತಿಂಗಳು, ಹೆಣ್ಣು ಕೂಸು, ಹೊಟ್ಟೆಯಲ್ಲೇ ಜೀವ ಹೋಗಿತ್ತು. ಬರಿಗೈ ಎಂದು ಬರೆದೆ. ನಿಜವಾಗಿ ಅವಳ ಒಂದು ಕೈಯಲ್ಲಿ ಔಷಧಿಯ ಚೀಲ, ಇನ್ನೊಂದರಲ್ಲಿ ಫ್ಲಾಸ್ಕ್ ಇತ್ತು. ಎರಡನ್ನೂ ನಾನು ಇಸಿದುಕೊಳ್ಳಲಿಲ್ಲ. ಯಾಕೆಂದು ಗೊತ್ತಿಲ್ಲ.

ಗದಗಿನಿಂದ ಅವಳ ತಾಯಿ ಬರುವವರಿದ್ದರು. ಹೆರಿಗೆಯ ದಿನ ನೋಡಿಕೊಂಡೇ ವಿಸಿಟ್ ವೀಸಾಕ್ಕೆ ಅರ್ಜಿ ಹಾಕಿದ್ದೆವು. ವೀಸಾ ಕೈಗೆ ಬರುವ ಮೊದಲೇ ಎಲ್ಲ ಮುಗಿದಿತ್ತು. ಹೀಗಾಗಿ ಅತ್ತೆ ಮಾಡಬೇಕಿದ್ದ ಬಾಣಂತನವೆಲ್ಲ ಫೋನಿನಲ್ಲಿ ನಡೆಯಿತು.

“ಅಳ್ಯಾರ, ಆಕಿ ತಲಿಗೆ ಬಟ್ಟಿ ಕಟ್ಟಿಕೊಂಡಾಳೋ ಇಲ್ಲೋ?”

“ಕಟ್ಟಿಕೊಂಡಾಳ್ರಿ.”

“ಹಸೀ ಮೈ ಐತಿ. ಮಂಚದ ಬುಡಕ ಒಂದು ಅಗ್ಗಿಷ್ಟಗಿ ಇಡ್ರಿ. ಇದ್ದಲಿ ಸಿಗತಾವಲ್ಲಾ ಅಲ್ಲೆ?”

“ಅಗ್ಗಿಷ್ಟಗಿ ಯಾಕ್ರಿ ಅತ್ತಿ, ಇಲ್ಲೆ ಇಡೀ ಮನಿಗೇ ಹೀಟಿಂಗ್ ಐತಿ. ಗುಂಡಿ ಒತ್ತಿದ್ರ ಆತು.”

ಇದನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ನಮ್ಮ ಕಡೆ ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟು, ಅದರ ಮೇಲೆ ಅಜವಾನ ಉದುರಿಸುತ್ತಾರೆ. ಆ ಹೊಗೆಯಲ್ಲಿ ತಾಯಿ, ಕೂಸು ಇಬ್ಬರೂ ಬೆವರುತ್ತಾರೆ. ಕೂಸು ಇಲ್ಲದ ಬಾಣಂತಿಗೆ ಏನು ಮಾಡುತ್ತಾರೆ ಎಂದು ನಾನು ಯಾರನ್ನೂ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಮೊದಲ ಸಲ ಗುಂಡಿ ಒತ್ತಿದೆ. ದೊಡ್ಡ ಕೋಣೆ ಬಿಸಿಯಾಗಲಿಲ್ಲ.

“ಥಂಡಿ ಆಗಾಕತ್ತೈತ್ರಿ,” ಎಂದಳು ಹೆಂಡತಿ. ಎರಡು ಕಂಬಳಿ ಹೊದಿಸಿದೆ. ಮರುದಿನವೂ ಅದೇ ಮಾತು. ಹಾಸಿಗೆಯ ಪಕ್ಕ ಉಷ್ಣಮಾಪಕ ಇಟ್ಟು ನೋಡಿದರೆ ಹದಿನೇಳು ಡಿಗ್ರಿ. ಎರಡು ಕೋಣೆಗಳ ನಡುವಿನ ಓಣಿಯಂಥ ಹಾದಿಯ ಗೋಡೆಯ ಮೇಲಿದ್ದ, ಬಿಸಿ ಅಳೆದು ಹೀಟರ್ ನಡೆಸುವ ಥರ್ಮೋಸ್ಟಾಟ್ ಮಾತ್ರ ಇಪ್ಪತ್ನಾಲ್ಕು ತೋರಿಸುತ್ತಿತ್ತು.

“ಶುಕ್ರವಾರದೊಳಗ ಈ ಖೋಲಿ ಬಿಸಿ ಆಗಲಿಲ್ಲಂದ್ರ ನನ್ನ ಊರಿಗೆ ಕಳಸ್ರಿ,” ಎಂದಳು. ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡೇ ಹೇಳಿದಳು.

ಇದು ನನಗೆ ಅರ್ಥವಾಗುವ ಭಾಷೆಯಾಗಿತ್ತು. ಯಂತ್ರ ಸರಿಯಾದರೆ ಇರುತ್ತಾಳೆ, ಆಗದಿದ್ದರೆ ಹೋಗುತ್ತಾಳೆ. ಡ್ಯೂಟಿಯಿಂದ ಬಂದವನೇ ಉಪಕರಣಗಳ ಪೆಟ್ಟಿಗೆ ತೆಗೆಯುತ್ತಿದ್ದೆ. ಒಂದು ದಿನ ಫಿಲ್ಟರ್ ತೊಳೆದೆ. ಇನ್ನೊಂದು ದಿನ ಛಾವಣಿ ಹತ್ತಿ ಹೀಟರಿನ ಸುರುಳಿಗಳಿಗೆ ಮೀಟರ್ ಹಚ್ಚಿ ನೋಡಿದೆ. ಕರೆಂಟು ಸರಿಯಾಗಿಯೇ ಹರಿಯುತ್ತಿತ್ತು. ಮತ್ತೊಂದು ದಿನ ಛಾವಣಿಯ ಮೇಲಿನ ಡಕ್ಟ್‌ನ ಕೀಲುಗಳಿಗೆ ಟೇಪು ಸುತ್ತಿದೆ. ಕೊನೆಗೆ ಥರ್ಮೋಸ್ಟಾಟನ್ನೇ ಬದಲಿಸಿದೆ. ಹೊಸದೂ ಇಪ್ಪತ್ನಾಲ್ಕೇ ಎಂದಿತು. ಹೀಟರ್ ಐದಾರು ನಿಮಿಷ ಓಡಿ, ಕೆಲಸ ಮುಗಿಯಿತು ಎನ್ನುವಂತೆ ನಿಲ್ಲುತ್ತಿತ್ತು.

ಈ ನಾಲ್ಕು ದಿನಗಳ ಒಂದೊಂದು ಸ್ಕ್ರೂ ನನಗೆ ನೆನಪಿದೆ. ಅದಕ್ಕೇ ಈ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದೇ ನಾಲ್ಕು ದಿನ ಅವಳು ಏನು ತಿಂದಳು, ಎದೆಹಾಲಿಗೆ ಏನು ಮಾಡಿಕೊಂಡಳು, ಒಂದೂ ನೆನಪಿಲ್ಲ. ಕಂಬಳಿಯ ಹೊರಗೆ ಎರಡೆರಡು ಜೊತೆ ಸಾಕ್ಸ್ ಹಾಕಿದ ಪಾದಗಳು ಮಾತ್ರ ಕಾಣುತ್ತವೆ.

ಶುಕ್ರವಾರ ಬೆಳಿಗ್ಗೆ ನಮ್ಮ ಫೋರ್‌ಮನ್ ಬಂದರು. ಮಂಗಳೂರು ಕಡೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಹೆಂಡತಿ ಬಾಣಂತಿಗೆಂದು ಮೆಂತ್ಯದ ಗಂಜಿ ಮಾಡಿ, ಮುಚ್ಚಳದ ತೂಕುಪಾತ್ರೆಯಲ್ಲಿ ಕಳಿಸಿದ್ದರು. ಅದನ್ನು ನನ್ನ ಕೈಗೆ ಕೊಟ್ಟು ನಗೆಯಾಡಿದರು: “ಎಂತ ಮಾರಾಯ, ಊರವರ ಎಸಿ ಎಲ್ಲ ರಿಪೇರಿ ಮಾಡ್ತೀ, ನಿನ್ನ ಮನೆದೇ ಆಗುದಿಲ್ವಾ?”

ಗಂಜಿಯನ್ನು ಅವಳಿಗೆ ಕೊಟ್ಟು ಬಂದೆ. ಫೋರ್‌ಮನ್ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಬರಿಗಾಲಲ್ಲಿ ಥರ್ಮೋಸ್ಟಾಟಿನ ಕೆಳಗೆ ನಿಂತಿದ್ದರು. ಏನನ್ನೂ ಮುಟ್ಟಿರಲಿಲ್ಲ. ತಮ್ಮ ಪಾದಗಳನ್ನೇ ನೋಡಿಕೊಳ್ಳುತ್ತಿದ್ದರು.

“ಇಲ್ಲಿ ಕಾಲಿಗೆ ಬಿಸಿಗಾಳಿ ಹೊಡೀತಾ ಉಂಟಲ್ಲ ಮಾರಾಯ. ಈ ಬಾಗಿಲಿನ ಅಡಿಯಿಂದ. ಇದು ಯಾರ ರೂಮು?”

ದೊಡ್ಡ ಕೋಣೆಯಿಂದ ನನ್ನ ಹೆಂಡತಿಯೇ ಉತ್ತರ ಕೊಟ್ಟಳು: “ಅಲ್ಲೆ ಯಾರೂ ಇಲ್ರಿ ಅಣ್ಣಾರ.”

ಅವರು ಬಾಗಿಲು ತಳ್ಳಿದರು. ಬಿಸಿ ಮುಖಕ್ಕೆ ಬಡಿಯಿತು. ಒಳಗೆ ದುಬೈಯ ಕರಾಮದಿಂದ ತಂದಿದ್ದ ತೊಟ್ಟಿಲಿನ ರಟ್ಟಿನ ಪೆಟ್ಟಿಗೆ ಗೋಡೆಗೆ ಒರಗಿತ್ತು, ಬಿಚ್ಚಿರಲಿಲ್ಲ. ನೆಲದ ಮೇಲೆ ಒಂದು ಚಾಪೆ, ಅದರ ಮೇಲೆ ಅವಳ ಶಾಲು. ಶಾಲು ಇಲ್ಲೇಕಿದೆ ಎಂದು ನಾನು ಯೋಚಿಸಲಿಲ್ಲ.

ಎರಡೂ ಕೋಣೆಗಳ ಡಕ್ಟ್ ಬೇರೆಯಾಗುವುದು ಈ ಕೋಣೆಯ ಸೀಲಿಂಗಿನ ಮೇಲೆ. ಗಾಳಿಯನ್ನು ಬಿಡುವ, ತಡೆಯುವ ಎರಡು ಹಿಡಿಕೆಗಳೂ ಅಲ್ಲೇ, ಕೋಣೆಗೊಂದರಂತೆ. ಫೋರ್‌ಮನ್ ಏಣಿ ಹತ್ತಿ, ಸೀಲಿಂಗಿನ ಹಲಗೆ ಸರಿಸಿ ಟಾರ್ಚ್ ಬಿಟ್ಟರು. “ಇದನ್ನು ಪೂರ್ತಿ ತೆರೆದು ದೊಡ್ಡ ರೂಮಿನದ್ದನ್ನು ಬಿಗಿ ಮಾಡಿದ್ದಾರೆ. ಇಲ್ಲಿಯ ಬಿಸಿ ಬಾಗಿಲಡಿಯಿಂದ ಹೋಗಿ ಥರ್ಮೋಸ್ಟಾಟಿಗೆ ತಾಗ್ತದೆ, ಮನೆ ಬಿಸಿ ಆಯ್ತು ಅಂತ ಅದು ಹೀಟರ್ ಬಂದ್ ಮಾಡ್ತದೆ. ಯಾವ ಕತ್ತೆ ಮಾಡಿದ್ದು ಇದನ್ನ?”

“ನಾನೇ,” ಎಂದೆ.

ಅವರು ಕೆಳಗೆ ನೋಡಿದರು. ನನ್ನನ್ನು, ಆಮೇಲೆ ತೊಟ್ಟಿಲಿನ ಪೆಟ್ಟಿಗೆಯನ್ನು. ಮತ್ತೆ ತಮಾಷೆ ಮಾಡಲಿಲ್ಲ.

ನವೆಂಬರಿನಲ್ಲಿ, ಕೂಸು ಬರುವ ಹೊತ್ತಿಗೆ ಕೋಣೆ ಬೆಚ್ಚಗಿರಲಿ ಎಂದು ಆ ಹಿಡಿಕೆಗಳನ್ನು ನಾನೇ ತಿರುಗಿಸಿದ್ದೆ. ಅವಳು ತುಂಬಿದ ಹೊಟ್ಟೆಯಲ್ಲಿ ಏಣಿ ಹಿಡಿದು ನಿಂತು, “ಸಾಕ್ರಿ, ಕೂಸು ಬೆಂದೀತು,” ಎಂದು ನಕ್ಕಿದ್ದಳು. ಮರೆತುಬಿಟ್ಟಿದ್ದೆ ಎಂದು ಫೋರ್‌ಮನ್‌ಗೆ ಹೇಳಿದೆ. ಆಮೇಲೆ ಹಲವರಿಗೆ ಹೇಳಿದ್ದೇನೆ. ಆದರೆ ಆ ಬಾಗಿಲ ಪಕ್ಕದ ಗೋಡೆಗೇ ಥರ್ಮೋಸ್ಟಾಟ್ ಬಿಗಿಯುತ್ತ ಅರ್ಧ ಗಂಟೆ ನಿಂತವನ ಕಾಲಿಗೆ ಬಿಸಿ ತಾಗದೇ ಇದ್ದೀತೇ? ಶೂ ಹಾಕಿಕೊಂಡಿದ್ದೆ ಎಂದು ಸಮಾಧಾನ ಹೇಳಿಕೊಂಡದ್ದುಂಟು. ನಮ್ಮ ಮನೆಯೊಳಗೆ ಯಾರೂ ಶೂ ಹಾಕುತ್ತಿರಲಿಲ್ಲ.

ಫೋರ್‌ಮನ್ ಇಳಿದು, ನೀನೇ ಮಾಡು ಎನ್ನುವಂತೆ ಏಣಿ ಬಿಟ್ಟುಕೊಟ್ಟರು. ಹತ್ತಿದೆ. ದೊಡ್ಡ ಕೋಣೆಯದನ್ನು ತೆರೆದೆ, ಸಣ್ಣದರದನ್ನು ಪೂರ್ತಿ ಮುಚ್ಚಿದೆ. ಅವಳು ಬಂದು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಖಾಲಿ ತೂಕುಪಾತ್ರೆ. “ಖಲಾಸ್ ತಂಗಿ,” ಎಂದರು ಫೋರ್‌ಮನ್, ಮೆಲ್ಲಗೆ. “ಇನ್ನು ಚಳಿ ಆಗುದಿಲ್ಲ.”

ಮಧ್ಯಾಹ್ನದೊಳಗೆ ದೊಡ್ಡ ಕೋಣೆ ಇಪ್ಪತ್ತಮೂರಕ್ಕೆ ಬಂತು, ಸಂಜೆಗೆ ಇಪ್ಪತ್ತೈದು. ಉಷ್ಣಮಾಪಕ ಹಿಡಿದು ತೋರಿಸಲು ಹೋದರೆ ಹಾಸಿಗೆ ಖಾಲಿ. ಅವಳು ಸಣ್ಣ ಕೋಣೆಯ ಚಾಪೆಯ ಮೇಲೆ ಶಾಲು ಹೊದ್ದು ಕುಳಿತಿದ್ದಳು.

“ಅಲ್ಲೆ ಬಿಸಿ ಆಗೇತಿ, ಬಾ.”

“ಗೊತ್ತೈತ್ರಿ.”

“ಈಗ ಇಲ್ಲೇ ಥಂಡಿ ಅಲ್ಲಾ?”

“ಇಷ್ಟು ದಿನಾ ಇಲ್ಲೇ ಬಿಸಿ ಇತ್ತು. ನೀವು ಡ್ಯೂಟಿಗೆ ಹೋದ ಮ್ಯಾಲೆ ಇಲ್ಲೇ ಕುಂದರತಿದ್ದೆ.”

“ಮತ್ತ ಹೇಳಬಾರದಾ? ನಾಲ್ಕು ದಿನ ಹುಡುಕಿದ್ನಲ್ಲಾ ನಾ!”

“ಹೇಳಿದ್ರ ಮುಚ್ಚತಿದ್ರಿ.”

ಮುಂದಿನ ವಾರ ಅವಳು ಹೊರಟಳು. ಚೀಲಕ್ಕೆ ಬಟ್ಟೆ ತುಂಬುವಾಗ ನಾನು ಹೇಳಿದ ಮಾತನ್ನು ಬರೆಯದೆ ಬಿಡಬಹುದಿತ್ತು: “ಖೋಲಿ ಬಿಸಿ ಆತಲ್ಲಾ, ಇನ್ಯಾಕ ಹೊಂಟಿ?” ಅವಳು ನನ್ನ ಮುಖ ನೋಡಿ, “ಅವ್ವ ಕೆಂಡಾ ಹಾಕತಾಳ್ರಿ,” ಎಂದಳು. ಅವಳು ಮತ್ತೆ ಬಂದದ್ದು ಒಂದೂವರೆ ವರ್ಷದ ನಂತರ, ನಾನು ದುಬೈಗೆ ಬದಲಾಗಿ ಅಲ್ ನಹ್ದಾದಲ್ಲಿ ಫ್ಲ್ಯಾಟ್ ಹಿಡಿದ ಮೇಲೆ. ನಾನು ಈ ಮಾತುಗಳನ್ನು ನೆನಪಿಸಿದರೆ, “ನಾ ಹಂಗ ಅಂದಿಲ್ಲ ಬಿಡ್ರಿ,” ಎನ್ನುತ್ತಾಳೆ. ಹಾಗಿದ್ದರೂ ಇರಬಹುದು.

ಇಲ್ಲಿ ಮೊದಲು ಹೀಗೆ ಬರೆದಿದ್ದೆ: ಮುಚ್ಚತಿದ್ರಿ ಎಂದ ಆ ಸಂಜೆಯೇ ಏಣಿ ತಂದು ಸಣ್ಣ ಕೋಣೆಯ ಹಿಡಿಕೆಯನ್ನು ಮತ್ತೆ ತೆರೆದೆ, ಅವಳು ಏಣಿ ಹಿಡಿದುಕೊಂಡಳು. ಓದಲು ಚೆನ್ನಾಗಿತ್ತು. ಹೊಡೆದುಹಾಕಿದೆ. ಆ ವಾರವೆಲ್ಲ ನಾನು ಆ ಹಿಡಿಕೆಯನ್ನು ಮುಟ್ಟಲಿಲ್ಲ. ದೊಡ್ಡ ಕೋಣೆ ಇಪ್ಪತ್ತೈದರಲ್ಲಿತ್ತು, ಅದರಲ್ಲಿ ನಾನೊಬ್ಬನೇ ಮಲಗಿದೆ.

ತೆರೆದದ್ದು ಅವಳನ್ನು ವಿಮಾನ ಹತ್ತಿಸಿ ಅಬುಧಾಬಿಯಿಂದ ವಾಪಸು ಬಂದ ಮಧ್ಯಾಹ್ನ. ಶಾಲು ಚಾಪೆಯ ಮೇಲೆಯೇ ಇತ್ತು. ಏಣಿ ಹಿಡಿಯುವವರಿಲ್ಲದೆ ಒಂದು ಕೈಯಲ್ಲಿ ಸೀಲಿಂಗಿನ ಅಂಚು ಹಿಡಿದು, ಇನ್ನೊಂದರಲ್ಲಿ ಹಿಡಿಕೆ ತಿರುಗಿಸಿದೆ, ಪೂರ್ತಿ. ಆಮೇಲೆ ಕೆಳಗಿಳಿದು, ಬಾಗಿಲು ಎಳೆದುಕೊಂಡು, ಚಾಪೆಯ ಮೇಲೆ ಕುಳಿತೆ. ಕೋಣೆ ಬೆಚ್ಚಗಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.